ನೆಲ ಒಬ್ಬರದು, ಕೊಳವೆ ಇನ್ನೊಬ್ಬರದು

ಚಿಕ್ಕಪ್ಪನ ಮನೆ ಘಟ್ಟದ ಕೆಳಗೆ. ಗುಡ್ಡದ ಮೇಲಿನಿಂದ ಅವರ ತೋಟಕ್ಕೆ ಇಳಿಯುವಾಗ ಅಡಿಕೆ ಮರಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಮರಗಳ ನಡುವಿನ ಬೈತಲೆ. ಈ ಬೇಲಿಯಿಂದ ಆ ಬೇಲಿಯವರೆಗೆ ಗೆರೆ ಎಳೆದ ಹಾಗೆ ಒಂದು ಬಯಲು ಪಟ್ಟಿ. ಎರಡೂ ಮಗ್ಗುಲಿಗೆ ಮೂವತ್ತು ವರ್ಷದ ಮರಗಳು ಗೊನೆ ಹೊತ್ತು ನಿಂತಿವೆ. ಪಟ್ಟಿಯೊಳಗೆ ಮಾತ್ರ ಹುಲ್ಲು, ಒಂದೆರಡು ಸಾಲು ಅರಿಶಿನ, ಮೂಲೆಯಲ್ಲಿ ಕೆಸು. ಪಟ್ಟಿ ಬೇಲಿ ದಾಟುವಲ್ಲಿ ಒಂದು ಹಳದಿ ಕಂಬ. ಅದರ ಮೇಲೆ ಕಿಲೋಮೀಟರ್ ಸಂಖ್ಯೆ, ಅಗೆಯಬಾರದೆಂಬ ಎಚ್ಚರಿಕೆ, ಅದರ ಕೆಳಗೊಂದು ಫೋನ್ ನಂಬರು.

ನಾಲ್ಕು ವರ್ಷದ ಹಿಂದೆ ಆಟಿ ತಿಂಗಳ ಮಳೆಗೆ ಗುಡ್ಡದ ನೀರು ಆ ಪಟ್ಟಿಯನ್ನೇ ತೋಡು ಮಾಡಿಕೊಂಡು ಹರಿಯಿತು. ಮಣ್ಣು ಕೊಚ್ಚಿಹೋಗಿ ಒಂದು ಬೆಳಿಗ್ಗೆ ಪೈಪಿನ ಕಪ್ಪು ಬೆನ್ನು ಮೊಣಕಾಲುದ್ದ ಹೊರಗೆ ಕಾಣಿಸಿತು. ಚಿಕ್ಕಪ್ಪ ಕಂಬದ ಪಾಚಿ ಕೆರೆದು ನಂಬರು ಓದಿ ಫೋನು ಮಾಡಿದರು. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು ಧ್ವನಿ. ಊರಿನಲ್ಲಿ ಕೇಳಬೇಕಾದಲ್ಲೆಲ್ಲ ಕೇಳಿದರು, ‘ಅದು ಕಂಪನಿಯದ್ದು, ನಮಗೆ ಸಂಬಂಧವಿಲ್ಲ’ ಎಂಬ ಉತ್ತರವೇ ಬಂತು. ಮಳೆಯ ದೆಸೆಯಿಂದ ಎರಡು ದಿನ ಬಾರದಿದ್ದ ಕೊಳವೆಯ ಜಾಡಿನಲ್ಲಿ ನಡೆದು ಕಾಯುವ ಕಂಪನಿಯ ಕಡೆಯ ಹುಡುಗ ಮೂರನೆಯ ದಿನ ಬಂದ ಮೇಲೆಯೇ ಸುದ್ದಿ ಮೇಲಕ್ಕೆ ಹೋದದ್ದು. ಅಷ್ಟು ಹೊತ್ತೂ ಚಿಕ್ಕಪ್ಪ ಆ ಕಡೆಗೆ ದನ ಬಿಡಲಿಲ್ಲ. ಕೆಲಸದವರಿಗೆ ಬೀಡಿ ಹಚ್ಚಬೇಡಿ ಎಂದು ಹೇಳಿ ಹೇಳಿ ಸೋತರು. ಕೊಳವೆಯೊಳಗೆ ಹರಿಯುವುದು ಎಣ್ಣೆಯೋ ಗ್ಯಾಸೋ ಎಂಬುದೂ ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ದಿನಾ ಅದರ ಮೇಲೆಯೇ ನಡೆದಾಡಿದವರು ಅವರು.

ಆ ಮೂರು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ. ಪೈಪ್‌ಲೈನ್ ನಡೆಸುವುದೆಂದರೆ ಪಂಪು, ವಾಲ್ವು, ಒತ್ತಡದ ಲೆಕ್ಕ ಎಂದು ನಾವು ತಿಳಿಯುತ್ತೇವೆ. ಅವೆಲ್ಲ ಬೇಕು. ಆದರೆ ನೂರಾರು ಕಿಲೋಮೀಟರ್ ಉದ್ದದ ಆಸ್ತಿಯನ್ನು ಬೇರೆಯವರ ಹೊಲದಡಿ ಹೂತಿಟ್ಟು ಬಂದ ಮೇಲೆ ಅದನ್ನು ನಿಜವಾಗಿ ಕಾಯುವವರು ಆ ಹೊಲದವರು. ಅವರ ಜೊತೆಗಿನ ಸಂಬಂಧ ಕೆಟ್ಟರೆ ಕೊಳವೆಯ ಅರ್ಧ ಕಾವಲು ಹೋದಂತೆಯೇ.

ರಸ್ತೆಗೋ ಅಣೆಕಟ್ಟಿಗೋ ಹೋದ ಜಮೀನು ಹೋಯಿತು. ನೋವಾದರೂ ಅಲ್ಲಿಗೆ ಒಂದು ಲೆಕ್ಕ ಮುಗಿಯುತ್ತದೆ. ಪೈಪ್‌ಲೈನಿನ ಲೆಕ್ಕ ಮುಗಿಯುವುದೇ ಇಲ್ಲ. 1962ರಲ್ಲಿ ಬಂದ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಕಂಪನಿ ಪಡೆಯುವುದು ನೆಲವನ್ನಲ್ಲ, ನೆಲದ ‘ಬಳಕೆಯ ಹಕ್ಕು’ ಮಾತ್ರ. ಮೊದಲು ಸರ್ಕಾರದ ಅಧಿಸೂಚನೆ, ತಕರಾರು ಸಲ್ಲಿಸಲು 21 ದಿನ, ಸಕ್ಷಮ ಪ್ರಾಧಿಕಾರದ ವಿಚಾರಣೆ, ಆಮೇಲೆ ಘೋಷಣೆ. ಕೊಳವೆ ಹೂತು ಮಣ್ಣು ಮುಚ್ಚಿದ ಮೇಲೆ ಜಮೀನು ಮತ್ತೆ ರೈತನ ಸ್ವಾಧೀನಕ್ಕೆ. ಉಳುಮೆ ಮಾಡಬಹುದು, ಬಿತ್ತಬಹುದು. ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಪ್ರತಿಯಾಗಿ, ಮೊದಲ ಅಧಿಸೂಚನೆಯ ದಿನ ಆ ಪಟ್ಟಿಗೆ ಇದ್ದ ಮಾರುಕಟ್ಟೆ ಬೆಲೆಯ ಶೇ 10. ಕಡಿದ ಮರ, ಹಾಳಾದ ಬೆಳೆಗೆ ಬೇರೆ ಪರಿಹಾರ. ಅದೂ ಒಮ್ಮೆ ಮಾತ್ರ.

ಜೋಳ, ಕಡಲೆ ಬೆಳೆಯುವ ಬಯಲುಸೀಮೆಯ ಹೊಲಕ್ಕೆ ಈ ಲೆಕ್ಕ ಹೇಗೋ ಹೊಂದಬಹುದು. ಮುಂದಿನ ಹಂಗಾಮಿಗೆ ಮತ್ತೆ ಬಿತ್ತನೆಯಾಗುತ್ತದೆ. ಅಡಿಕೆ, ತೆಂಗು, ರಬ್ಬರು, ಕಾಫಿಯ ನೆಲಕ್ಕೆ ಇದು ಹೊಂದುವುದಿಲ್ಲ. ಮರ ಹೋದ ಜಾಗದಲ್ಲಿ ಇನ್ನೆಂದೂ ಮರ ಏಳುವಂತಿಲ್ಲ ಎಂದಾದರೆ ಆ ನೆಲ ಕಾಗದದ ಮೇಲೆ ರೈತನದು, ಬದುಕಿನಲ್ಲಿ ಅಲ್ಲ. ಕೊಳವೆಯಲ್ಲಿ ಎಣ್ಣೆ ಹರಿದಷ್ಟು ವರ್ಷವೂ ಇಂಥ ನೆಲಕ್ಕೆ ವರ್ಷಾವರಿ ಗೇಣಿಯಂತೆ ಏನಾದರೂ ಸಲ್ಲಬೇಕೆಂದು ನಾನು ನಂಬುತ್ತೇನೆ. ಕಾಯ್ದೆ ಹಾಗೆ ಹೇಳುವುದಿಲ್ಲ.

ಕಂಪನಿಗಳ ಭಾಷೆಯಲ್ಲಿ ಚಿಕ್ಕಪ್ಪನಂಥವರಿಗೆ ಸ್ಟೇಕ್‌ಹೋಲ್ಡರ್ ಎಂಬ ಹೆಸರಿದೆ. ನಮ್ಮ ಹಳೆಯ ಪತ್ರಗಳ ಭಾಷೆಯಲ್ಲಿ ಬಾಧ್ಯಸ್ಥರು ಎನ್ನಬಹುದು. ಜಿಲ್ಲಾಧಿಕಾರಿ, ಗ್ರಾಮ ಪಂಚಾಯಿತಿ, ಅರಣ್ಯ ಇಲಾಖೆ, ರೈಲ್ವೆ, ಹೆದ್ದಾರಿ, ಅಗ್ನಿಶಾಮಕ ಠಾಣೆ, ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರು, ಕೊನೆಗೆ ಊರಿನ ಜೆಸಿಬಿ ಚಾಲಕನೂ ಅದರಲ್ಲಿ ಸೇರುತ್ತಾನೆ. ಆ ಚಾಲಕನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ರಾಜ್ಯದ ನೆಲದಡಿ ಇಂಥ ಎಷ್ಟು ದಾರಿಗಳಿವೆ ಎಂದು ಬಸ್ಸಿನಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ಮಂಗಳೂರಿನ ತೈಲಾಗಾರದಿಂದ ಘಟ್ಟ ಹತ್ತಿ ಹಾಸನ ಹಾದು ಬೆಂಗಳೂರಿನ ಹೊರಗಿನ ದೇವನಗೊಂದಿಗೆ ಪೆಟ್ರೋಲು, ಡೀಸೆಲ್ಲು ಒಯ್ಯುವ ಲೈನು 2003ರಿಂದ ಇದೆ. ಅಡುಗೆ ಅನಿಲ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಕೊಳವೆಯಲ್ಲೇ ಹೋಗುತ್ತದೆ. ಮಹಾರಾಷ್ಟ್ರದ ದಾಭೋಲಿನಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲ ತರುವ ಸುಮಾರು 1,000 ಕಿ.ಮೀ. ಉದ್ದದ ಲೈನು 2013ರಲ್ಲಿ ಶುರುವಾಯಿತು. ಇವೆಲ್ಲಕ್ಕೂ ಮೊದಲು, 1980ರ ಹೊತ್ತಿಗೆ, ಕುದುರೆಮುಖದ ಅದಿರು ನೀರಿನಲ್ಲಿ ಕಲಸಿಕೊಂಡು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಭದ್ರೆಗೆ ತುಂಬುವ ಹೂಳಿನ ವಿರುದ್ಧ, ಕಾಡಿಗಾಗಿ ಎದ್ದ ದನಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2005ರ ಕೊನೆಗೆ ಗಣಿ ನಿಂತಿತು. ಕೊಳವೆಯ ತಪ್ಪೇನೂ ಇರಲಿಲ್ಲ. ತುದಿಯಲ್ಲಿದ್ದ ಊರು, ನದಿಗಳ ಜೊತೆ ಲೆಕ್ಕ ಸರಿಹೋಗದಿದ್ದಾಗ ಅದೂ ಬರಿದಾಯಿತು.

ಊರಿನವರ ಮಾತು ಮೇಲಕ್ಕೆ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಂಧ್ರದ ನಗರಂ ನಮ್ಮ ಕಣ್ಣೆದುರಿನ ಊರು. ಗೋದಾವರಿ ಮುಖಜಭೂಮಿಯ ಕೋನಸೀಮೆ, ಎತ್ತ ನೋಡಿದರೂ ತೆಂಗು. ತಾಟಿಪಾಕದಿಂದ ಹೊರಟ 18 ಇಂಚಿನ ಅನಿಲ ಕೊಳವೆ ಆ ಊರನ್ನು ಹಾದುಹೋಗುತ್ತಿತ್ತು. 2014ರ ಜೂನ್ 27ರ ನಸುಕಿನಲ್ಲಿ ಸೋರಿದ ಅನಿಲ ಮಂಜಿನ ಹಾಗೆ ನೆಲಮಟ್ಟದಲ್ಲಿ ಹರಡಿತು. ಜನ ಏಳುವ ಹೊತ್ತು, ಒಲೆ ಹಚ್ಚುವ ಹೊತ್ತು. ಎಲ್ಲೋ ಒಂದು ಕಿಡಿ. ಮನೆಗಳು, ಅಂಗಡಿಗಳು, ತೆಂಗಿನ ಮರಗಳು ನಿಂತಲ್ಲೇ ಉರಿದವು. 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ತೇವದ ಅನಿಲ ಹರಿಸಿದ್ದರಿಂದ ಒಳಗಿನಿಂದ ತುಕ್ಕು ಹಿಡಿದಿತ್ತು ಎಂದು ತನಿಖೆ ಹೇಳಿತು. ಸೋರುವ ವಿಷಯ ಮೊದಲೇ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಊರಿನವರು ಅಳುತ್ತ ಹೇಳಿದರು.

ತುಕ್ಕು ಎಂಜಿನಿಯರುಗಳ ವಿಷಯ ನಿಜ. ಆದರೆ ತುಕ್ಕು ತೂತಾಗುವ ಮುಂಚಿನ ದಿನಗಳಲ್ಲಿ ಅದರ ಸುಳಿವು ಸಿಕ್ಕುವುದು ನೆಲದ ಮೇಲಿನವರಿಗೆ. ನಿಯಂತ್ರಣ ಕೊಠಡಿಯ ಪರದೆಯಲ್ಲಿ ದೊಡ್ಡ ಸೋರಿಕೆ ಕೂಡಲೇ ಕಾಣುತ್ತದೆ, ಒತ್ತಡ ಸರ್ರನೆ ಇಳಿಯುತ್ತದೆ. ಸೂಜಿಮೊನೆಯ ಸೋರಿಕೆ ಅಳತೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ರೈತನಿಗೆ ಅದು ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ. ಸುತ್ತ ಹಸಿರಿದ್ದು ಒಂದು ಮಾರು ಜಾಗದಲ್ಲಿ ಮಾತ್ರ ಹುಲ್ಲು ಒಣಗಿರುತ್ತದೆ. ಗದ್ದೆಯ ನಿಂತ ನೀರಿನಲ್ಲಿ ಗುಳ್ಳೆ ಏಳುತ್ತದೆ. ತೋಡಿನ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲುತ್ತದೆ. ಗಾಳಿಯಿಲ್ಲದ ಮಧ್ಯಾಹ್ನ ಒಂದೇ ಕಡೆ ಧೂಳು ಹಾರುತ್ತದೆ, ಹಾವು ಬುಸುಗುಟ್ಟಿದಂಥ ಸದ್ದು ಕೇಳುತ್ತದೆ. ವಾಸನೆ ಬಂದೀತು ಎಂದು ಕಾಯುವುದು ಅಪಾಯ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ನಮ್ಮ ಅಡುಗೆಮನೆಯಲ್ಲಿ ಮೂಗಿಗೆ ಬಡಿಯುವ ನಾತ ಆಮೇಲೆ ಬೆರೆಸಿದ್ದು, ದೂರ ಸಾಗುವ ದೊಡ್ಡ ಕೊಳವೆಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಈ ಐದಾರು ಸುಳಿವುಗಳನ್ನು ಆ ಪಟ್ಟಿಯ ಪ್ರತಿ ಮನೆಯವರಿಗೂ, ಅವರ ಮಾತಿನಲ್ಲೇ, ವರ್ಷಕ್ಕೊಮ್ಮೆಯಾದರೂ ಕೂತು ಹೇಳಿದರೆ ಖರ್ಚು ಎಷ್ಟಾದೀತು? ಒಂದು ವಾಲ್ವಿನ ಬೆಲೆಯೂ ಆಗದು.

ಜನರ ಮಾತು ಕೇಳುವುದರಿಂದ ಕೆಲಸ ತಡವಾಗುತ್ತದೆ ಎಂಬ ದೂರು ಈ ಉದ್ಯಮದಲ್ಲಿ ಹಳೆಯದು. ಕೇಳದಿದ್ದರೆ ಎಷ್ಟು ತಡವಾಗುತ್ತದೆ ಎಂಬುದನ್ನು ತಮಿಳುನಾಡಿನಲ್ಲಿ ನೋಡಬಹುದು. ಕೊಚ್ಚಿಯಿಂದ ಹೊರಟು ಒಂದು ಕವಲು ಮಂಗಳೂರಿಗೆ, ಇನ್ನೊಂದು ಕೊಯಮತ್ತೂರು, ಸೇಲಂ, ಕೃಷ್ಣಗಿರಿ ಹಾದು ಬೆಂಗಳೂರಿಗೆ ಬರಬೇಕಿದ್ದ ಅನಿಲ ಮಾರ್ಗವದು. ತಮಿಳುನಾಡಿನ ಏಳು ಜಿಲ್ಲೆಗಳ ರೈತರು ಹೊಲ ಬಿಟ್ಟು ಹೆದ್ದಾರಿ ಪಕ್ಕದಲ್ಲಿ ಹಾಕಿ ಎಂದರು. 2013ರಲ್ಲಿ ರಾಜ್ಯ ಸರ್ಕಾರವೂ ಅದನ್ನೇ ಹೇಳಿತು. ಮೊಕದ್ದಮೆ ಮದ್ರಾಸ್ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2016ರ ಫೆಬ್ರವರಿಯಲ್ಲಿ ಕಂಪನಿಯೇ ಗೆದ್ದಿತು. ಗೆದ್ದ ಮಾತ್ರಕ್ಕೆ ಹೊಲದ ಬದುವಿನಲ್ಲಿ ನಿಂತ ಜನ ದಾರಿ ಬಿಡಲಿಲ್ಲ. ತೀರ್ಪು ಬಂದು ವರ್ಷಗಳುರುಳಿದರೂ ಅಲ್ಲಿ ಕೊಳವೆ ಇಳಿಯಲಿಲ್ಲ.

ಕೇರಳದ ಕವಲಿನಲ್ಲೂ ಸುಲಭವಿರಲಿಲ್ಲ. ಅಲ್ಲಿ ಮನೆಗೆ ಮನೆ ತಾಗಿಕೊಂಡ ಊರುಗಳು, ಐದು ಹತ್ತು ಸೆಂಟ್ಸಿನ ಹಿಡುವಳಿಗಳು. 20 ಮೀಟರ್ ಅಗಲದ ಪಟ್ಟಿ ಬಿಟ್ಟರೆ ಮನೆ ಕಟ್ಟಲು ಏನೂ ಉಳಿಯದವರೇ ಬಹಳ. 2017ರ ನವೆಂಬರಿನಲ್ಲಿ ಕೋಯಿಕ್ಕೋಡಿನ ಮುಕ್ಕಂ ಬಳಿ ಪ್ರತಿಭಟನೆ ಹಿಂಸೆಗೆ ತಿರುಗಿತು, ಲಾಠಿ ಬೀಸಿತು. ಅದಾದ ಮೇಲೆ ಮಾತುಕತೆಯಾಗಿ ಸರ್ಕಾರ ಪರಿಹಾರ ಹೆಚ್ಚಿಸಿತು. ಹತ್ತು ಸೆಂಟ್ಸು ಮತ್ತು ಅದಕ್ಕಿಂತ ಕಡಿಮೆ ಇರುವವರ ಜಾಗದಲ್ಲಿ ಪಟ್ಟಿಯನ್ನು 2 ಮೀಟರಿಗೆ ಇಳಿಸಿ ಉಳಿದುದರಲ್ಲಿ ಮನೆ ಕಟ್ಟಿಕೊಳ್ಳಲು ಬಿಟ್ಟಿತು, ಮೇಲೆ 5 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತು. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಆದರೆ ಕೆಲಸ ಮುಂದೆ ಸಾಗಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯನ್ನೂ ದಾಟಿ 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಲೈನು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಮಾತುಕತೆಯನ್ನು 2017ರ ಬದಲು ಮೊದಲೇ, ಲಾಠಿ ಏಳುವ ಮುಂಚೆಯೇ ಮಾಡಬಹುದಿತ್ತು ಎಂಬುದು ನನ್ನ ಮನಸ್ಸಿನಲ್ಲಿ ಈಗಲೂ ಕೊರೆಯುತ್ತದೆ. ಹತ್ತು ಸೆಂಟ್ಸಿನವನ ಸಂಕಟ ಅರ್ಥ ಮಾಡಿಕೊಳ್ಳಲು ಕಲ್ಲು ಬೀಳುವವರೆಗೆ ಕಾಯಬೇಕಿರಲಿಲ್ಲ.

ಇದೆಲ್ಲ ಹಾಕುವ ಕಾಲದ ಜಗಳ. ಪತ್ರಿಕೆಗಳಲ್ಲಿ ಬರುವುದೂ ಇಷ್ಟೇ. ಕೊಳವೆ ಹಾಕಿ ಮುಗಿದ ಮೇಲೆ ಕ್ಯಾಮೆರಾ ಹೋಗುತ್ತದೆ, ಮಾತಾಡಲು ಬರುತ್ತಿದ್ದ ಅಧಿಕಾರಿಗೆ ವರ್ಗವಾಗುತ್ತದೆ, ಗುತ್ತಿಗೆದಾರನ ಜೀಪು ಕಾಣೆಯಾಗುತ್ತದೆ. ಸಂಬಂಧ ಸೊರಗುವುದು ಆಗ. ಕೊಳವೆಗೆ ಮೂವತ್ತು, ನಲವತ್ತು ವರ್ಷದ ಆಯಸ್ಸು. ಅಷ್ಟರಲ್ಲಿ ಹೊಲದಲ್ಲಿ ತಂದೆ ಹೋಗಿ ಮಗ ಬರುತ್ತಾನೆ, ಪಾಲಾಗುತ್ತದೆ, ಮಾರಾಟವಾಗುತ್ತದೆ.

ಆ ಇಡೀ ಅವಧಿಯಲ್ಲಿ ಕಂಪನಿಯ ಮುಖವಾಗಿ ಉಳಿಯುವವನು ಒಬ್ಬನೇ: ಲೈನ್ ವಾಕರ್. ಚಿಕ್ಕಪ್ಪನ ತೋಟಕ್ಕೆ ಬರುವ ಹುಡುಗನ ಹಿಂದೆ ಒಂದು ಬೆಳಿಗ್ಗೆ ನಾನೂ ನಡೆದೆ. ಮೊಣಕಾಲಿನವರೆಗೆ ಗಂಬೂಟು, ಕೈಯಲ್ಲಿ ಹಾವಿಗೂ ನಾಯಿಗೂ ಆಗುವ ಒಂದು ಕೋಲು, ಸೊಂಟದಲ್ಲಿ ಜಿಪಿಎಸ್ ಯಂತ್ರ. ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂಬುದು ಅದರಲ್ಲಿ ದಾಖಲಾಗುತ್ತದೆ. ದಿನಕ್ಕೆ ಅವನ ಪಾಲಿನ ಏಳೆಂಟು ಕಿಲೋಮೀಟರು. ನಡೆಯುತ್ತ ಅವನು ನೋಡುವುದು ಹೊಸದಾಗಿ ಅಗೆದ ಮಣ್ಣನ್ನು, ಸುಣ್ಣದ ಪುಡಿಯಲ್ಲಿ ಹಾಕಿದ ಪಾಯದ ಗುರುತನ್ನು, ಪಟ್ಟಿಯೊಳಗೆ ನೆಟ್ಟ ಸಸಿಯನ್ನು. ಒಂದು ಕಡೆ ಯಾರೋ ಮೂರು ತೆಂಗಿನ ಸಸಿ ಇಟ್ಟಿದ್ದರು. ಬೇರು ಕೊಳವೆಯ ಹೊದಿಕೆ ಕಿತ್ತರೆ ಅಲ್ಲಿಂದ ತುಕ್ಕು ಶುರುವಾಗುತ್ತದೆ ಎಂದು ಅವನು ಮನೆಯ ಅಜ್ಜಿಗೆ ತುಳುವಿನಲ್ಲಿ ವಿವರಿಸಿದ. ಅಜ್ಜಿ ಒಪ್ಪಲಿಲ್ಲ. ಅವನು ತಾನೇ ಸಸಿಗಳನ್ನು ಬುಡದ ಮಣ್ಣು ಸಡಿಲವಾಗದಂತೆ ಎತ್ತಿ ಪಟ್ಟಿಯಾಚೆಗೆ ಗುಂಡಿ ತೋಡಿ ನೆಟ್ಟು, ತೋಡಿನಿಂದ ಎರಡು ಕೊಡ ನೀರು ತಂದು ಹೊಯ್ದ. ಅರ್ಧ ಗಂಟೆ ಹಿಡಿಯಿತು. ‘ನೋಟಿಸ್ ಕೊಡಬಹುದಿತ್ತು’ ಎಂದೆ. ‘ನೋಟಿಸ್ ಕೊಟ್ಟರೆ ನಾಳೆಯಿಂದ ಈ ಅಜ್ಜಿ ನನಗೆ ಏನೂ ಹೇಳುವುದಿಲ್ಲ’ ಎಂದ. ಅವನು ಗುತ್ತಿಗೆ ನೌಕರ. ಗುತ್ತಿಗೆ ಬದಲಾದಾಗಲೆಲ್ಲ ಅವನ ಕೆಲಸ ತೂಗುಯ್ಯಾಲೆ. ಊರಿನ ಪ್ರತಿ ಮನೆಯ ವಿಶ್ವಾಸ ಗಳಿಸಿದವನನ್ನು ಉಳಿಸಿಕೊಳ್ಳುವುದು ಕಂಪನಿಗೆ ಮೊದಲ ಸುರಕ್ಷತಾ ಕ್ರಮವಾಗಬೇಕು.

ಇನ್ನು ಜೆಸಿಬಿ. ಕುಡಿಯುವ ನೀರಿನ ಪೈಪಿಗೆ ಪಂಚಾಯಿತಿ ಅಗೆಯುತ್ತದೆ, ಮೊಬೈಲ್ ಕಂಪನಿ ಕೇಬಲ್ಲಿಗೆ ಅಗೆಯುತ್ತದೆ, ರಸ್ತೆ ಅಗಲವಾಗುತ್ತದೆ, ಬಡಾವಣೆ ಏಳುತ್ತದೆ. ಕೊಳವೆ ಇರುವುದು ಒಂದು ಮೀಟರೋ, ಸ್ವಲ್ಪ ಹೆಚ್ಚೋ ಆಳದಲ್ಲಿ. ಜೆಸಿಬಿಯ ಹಲ್ಲಿಗೆ ಅದು ಒಂದೇ ಗುದ್ದಿನ ದೂರ. ಬೆಲ್ಜಿಯಮ್ಮಿನ ಗಿಲೆಂಘಿಯೆನ್ ಎಂಬಲ್ಲಿ 2004ರ ಜುಲೈ 30ರಂದು ಸಿಡಿದ ಅನಿಲ ಕೊಳವೆ 24 ಜನರನ್ನು ಬಲಿ ತೆಗೆದುಕೊಂಡಿತು. ಕಾರಣ, ಹತ್ತಿರದ ಕಾಮಗಾರಿಯ ಯಂತ್ರ ಹಿಂದೆಯೇ ಮಾಡಿ ಹೋಗಿದ್ದ ಗಾಯ. ಅಗೆಯುವ ಮುನ್ನ ಕೇಳಿಕೊಳ್ಳಲು ನಮ್ಮಲ್ಲೂ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚಿನಲ್ಲಿ ಬಂದಿದೆ. ತಾಲ್ಲೂಕಿನ ಜೆಸಿಬಿ ಚಾಲಕರನ್ನು ಕರೆದು ಊಟ ಹಾಕಿ, ನಕ್ಷೆ ತೋರಿಸಿ, ಒಂದು ನಂಬರು ಕೊಟ್ಟು ಕಳಿಸುವ ಕಂಪನಿ ಆ್ಯಪಿಗಿಂತ ಮುಂದೆ ಇದೆ ಎಂದು ನನ್ನ ಭಾವನೆ.

ಜಮೀನು ಕೊಳ್ಳುವವರಿಗೂ ಒಂದು ಮಾತು. ಬಳಕೆಯ ಹಕ್ಕು ಪಹಣಿಯ 11ನೇ ಕಾಲಂನಲ್ಲಿ ಕಾಣಬೇಕು. ನಮೂದಾಗದೆ ಉಳಿದರೆ, ಪಾಲು ಪಟ್ಟಿ ಮಾಡುವಾಗ ಬಿಟ್ಟುಹೋದರೆ, ಸೈಟು ಕೊಂಡವನು ಮನೆ ಕಟ್ಟಲು ಹೊರಟಾಗಲೇ ವಿಷಯ ತಿಳಿಯುತ್ತದೆ. ಆಗ ಮನೆ ಒಡೆಸುವ ನೋಟಿಸು, ಕೋರ್ಟು, ಕಣ್ಣೀರು. ಪ್ರತಿ ಸರ್ವೆ ನಂಬರಿನ ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆದು ನೋಡುವುದು ಕಂಪನಿಯ ಕಚೇರಿಗೆ ಒಬ್ಬ ಗುಮಾಸ್ತೆಯ ಕೆಲಸ. ಹೊಸ ಹೆಸರು ಕಂಡರೆ ಆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು.

ಕೊಳವೆಗೆ ಕನ್ನ ಹಾಕಿ ಡೀಸೆಲ್ ಕದಿಯುವುದನ್ನು ಇಲ್ಲಿ ಉದ್ದಕ್ಕೆ ಎಳೆಯುವುದಿಲ್ಲ. ಇದಕ್ಕಾಗಿ 2011ರಲ್ಲಿ ಕಾಯ್ದೆ ತಿದ್ದಿ ಶಿಕ್ಷೆ ಬಿಗಿ ಮಾಡಿದ್ದಾರೆ. ರಾತ್ರಿ ಹೊಲದಲ್ಲಿ ಅಪರಿಚಿತ ಟ್ಯಾಂಕರು ನಿಂತದ್ದನ್ನು ಮೊದಲು ಕಾಣುವವನೂ ಪಕ್ಕದ ಹೊಲದವನೇ. ಅವನು ಫೋನು ಎತ್ತುತ್ತಾನೋ, ಮಗ್ಗುಲು ಬದಲಿಸಿ ಮಲಗುತ್ತಾನೋ ಎಂಬುದು ಬೆಳೆ ಪರಿಹಾರದ ಚೆಕ್ಕಿಗಾಗಿ ಅವನನ್ನು ಎಷ್ಟು ಸಲ ಅಲೆದಾಡಿಸಿದ್ದರು ಎಂಬುದರ ಮೇಲಿದೆ.

ಅಣಕು ಕಾರ್ಯಾಚರಣೆಗಳು ನಡೆಯುತ್ತವೆ, ನಿಯಮವಿದೆ. 1996ರ ರಾಸಾಯನಿಕ ಅಪಘಾತ ನಿಯಮಗಳಡಿ ಅಪಾಯಕಾರಿ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಬಿಕ್ಕಟ್ಟು ನಿರ್ವಹಣಾ ಸಮಿತಿ ಇದೆ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ 2010ರಲ್ಲಿ ತುರ್ತು ಸ್ಪಂದನದ ನಿಯಮ ತಂದಿದೆ. ಆದರೆ ಇಂಥ ಕಸರತ್ತುಗಳಲ್ಲಿ ನಾನು ಕಂಡದ್ದು ಹೆಲ್ಮೆಟ್ಟು, ಸೈರನ್ನು, ಅಧಿಕಾರಿಗಳ ಭಾಷಣ. ಹೊಲದವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಅಮೆರಿಕದ ಸ್ಯಾನ್ ಬ್ರೂನೊದಲ್ಲಿ 2010ರ ಸೆಪ್ಟೆಂಬರ್ 9ರ ಸಂಜೆ ಬಡಾವಣೆಯ ಕೆಳಗಿದ್ದ 30 ಇಂಚಿನ ಅನಿಲ ಕೊಳವೆ ಸಿಡಿದು 8 ಜನ ತೀರಿಕೊಂಡಾಗ, ಅಂಥ ಕೊಳವೆಯೊಂದು ಅಲ್ಲಿದೆ ಎಂಬುದೇ ಊರಿನ ಅಗ್ನಿಶಾಮಕರಿಗೆ ತಿಳಿದಿರಲಿಲ್ಲ. ಅನಿಲ ನಿಲ್ಲಿಸಲು 95 ನಿಮಿಷ ಬೇಕಾಯಿತು. ಹಣ, ಯಂತ್ರ, ಕಾನೂನು ಯಾವುದಕ್ಕೂ ಕೊರತೆಯಿಲ್ಲದ ದೇಶವದು.

ಚಿಕ್ಕಪ್ಪನ ತೋಟದ ಆ ಮಳೆಗಾಲದ ಕತೆಗೆ ಇನ್ನೂ ಸ್ವಲ್ಪ ಉಳಿದಿದೆ. ಸುದ್ದಿ ಮುಟ್ಟಿದ ಮರುದಿನ ಕಂಪನಿಯಿಂದ ಒಬ್ಬ ಯುವ ಎಂಜಿನಿಯರ್ ಬಂದರು. ಮಣ್ಣು ಮುಚ್ಚಿಸಿ, ಮರಳಿನ ಚೀಲ ಪೇರಿಸಿ, ನೀರು ಪಕ್ಕಕ್ಕೆ ತಿರುಗುವಂತೆ ಕಲ್ಲಿನ ಕಟ್ಟೆ ಕಟ್ಟಿಸಿದರು. ಸಂಜೆ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು, ಒಳಗೆ ಹರಿಯುವುದೇನು, ಎಷ್ಟು ಒತ್ತಡದಲ್ಲಿ, ಸೋರಿದರೆ ಯಾವ ಕಡೆಗೆ ಓಡಬೇಕು ಎಂದು ಚಿಕ್ಕಮ್ಮನಿಗೂ ಕೇಳಿಸುವ ಹಾಗೆ ಹೇಳಿದರು. ‘ಮೂರು ದಿನ ನಿಮ್ಮನ್ನು ಕಾಯಿಸಿದ್ದು ನಮ್ಮ ತಪ್ಪು’ ಎಂದರು. ಆ ಮಾತನ್ನು ಚಿಕ್ಕಪ್ಪ ಈಗಲೂ ಎಲ್ಲರಿಗೂ ಹೇಳುತ್ತಾರೆ. ಹೊರಡುವಾಗ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ತಮ್ಮ ನಂಬರನ್ನೂ ನಿಯಂತ್ರಣ ಕೊಠಡಿಯ ನಂಬರನ್ನೂ ದಪ್ಪಕ್ಕೆ ಬರೆದರು. ವರ್ಷ ಮುಗಿದರೂ ಆ ಕ್ಯಾಲೆಂಡರ್ ಗೋಡೆಯಿಂದ ಇಳಿದಿಲ್ಲ. ಅದಾದ ಮೇಲೆ ಚಿಕ್ಕಪ್ಪ ಎರಡು ಸಲ ಫೋನು ಮಾಡಿದ್ದಾರೆ. ಒಮ್ಮೆ ಗುಡ್ಡದ ಮೇಲೆ ಯಾರೋ ಕೊಳವೆಬಾವಿಯ ಯಂತ್ರ ತಂದಾಗ, ಇನ್ನೊಮ್ಮೆ ಹಳದಿ ಕಂಬ ಬಿದ್ದಾಗ. ಎರಡು ಸಲವೂ ಒಂದು ಗಂಟೆಯೊಳಗೆ ಜನ ಬಂದರು.

ನಿಮ್ಮ ಹೊಲದಲ್ಲೋ, ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೋ ಇಂಥ ಹಳದಿ ಕಂಬವಿದ್ದರೆ ಈ ವಾರ ಒಮ್ಮೆ ಅದರ ಹತ್ತಿರ ಹೋಗಿ. ಪಾಚಿ ಕೆರೆದು ನಂಬರು ಬರೆದುಕೊಳ್ಳಿ. ಅಪಾಯವೇನೂ ಇಲ್ಲದಿದ್ದರೂ ಒಂದು ಸಲ ಫೋನು ಮಾಡಿ, ಯಾರಾದರೂ ಎತ್ತುತ್ತಾರೋ, ನಿಮ್ಮ ಮಾತಿನಲ್ಲಿ ಮಾತಾಡುತ್ತಾರೋ ನೋಡಿ. ಎತ್ತದಿದ್ದರೆ ದಿನಾಂಕ, ವೇಳೆ, ಕಂಬದ ಸಂಖ್ಯೆ ಬರೆದು ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.